ಗಾಳಿ ಬಂದೂಕು ಮತ್ತು ನಮ್ಮ ಭಾವನವರು

ಶ್ರೇಯಾ, ಸಮರ್ಥ,

ನಿಮ್ಮ ಅವ್ವನ ದೊಡ್ಡಪ್ಪ ಚನಮಲ್ಲಪ್ಪನವರು ಯಾರ ಮನೆಗೆ ಹೋದರೂ ಕುರ್ಚಿಯ ಮೇಲೆ ಕೂಡುವ ಮೊದಲು ಅದನ್ನು ಎರಡೂ ಕೈಯಿಂದ ಹಿಡಿದು ಅಲುಗಾಡಿಸಿ ನೋಡುತ್ತಿದ್ದರು. ಮನೆಯವರು ಎದುರಿಗೆ ಕೈಮುಗಿದು ನಿಂತಿರುತ್ತಿದ್ದರು. ಇವರು ಅವರ ಕಡೆ ನೋಡದೆ ಕುರ್ಚಿಯ ಬೆನ್ನು ಹಿಡಿದು ಹಿಂದೆ ಮುಂದೆ ತೂಗುತ್ತಿದ್ದರು. ಕಾಲು ಕಿರ್ ಅಂದರೆ ಸಾಕು, "ಅಲುಗಿದ್ದು ಮಾಲಲ್ಲ" ಎಂದು ಹೇಳಿ ಅದನ್ನು ಗೋಡೆಗೆ ಸರಿಸಿ ಹೊರಸಿನ ಮೇಲೆ ಕೂಡುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದೇ ಹಾಗೆ. ತಮ್ಮನಿಗೆಂದು ನನ್ನನ್ನು ನೋಡಲು ನನ್ನ ತವರೂರು ನಿಡೋಣಿಗೆ ಬಂದಿದ್ದರು. ನಮ್ಮಪ್ಪ ಸಾಲಿ ಮಾಸ್ತರರ ಮನೆಯಿಂದ ಒಂದು ಕುರ್ಚಿ ಕೇಳಿ ತಂದು, ಒರೆಸಿ, ಪಡಸಾಲೆಯ ನಡುವೆ ಇಟ್ಟಿದ್ದ. ಇವರು ಅದನ್ನು ಅಲುಗಾಡಿಸಿದರು. ಅದು ಕಿರ್ ಅಂದಿತು. ಬಾಗಿಲ ಹಿಂದಿನಿಂದ ನಾನು ವರನ ಮುಖ ನೋಡಬೇಕಾಗಿತ್ತು. ನೋಡಿದ್ದು ನಮ್ಮಪ್ಪನ ಮುಖ. ಆ ಹೊತ್ತಿಗೆ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಸಿಟ್ಟು ಇವತ್ತಿಗೂ ಹಾಗೆಯೇ ಇದೆ.

ಸತ್ತವರ ಬಗ್ಗೆ ಕೆಟ್ಟ ಮಾತು ಆಡಬಾರದು ಅನ್ನುತ್ತಾರೆ. ಅವರು ಬದುಕಿದ್ದಾಗ ನಾನು ಆಡಲಿಲ್ಲ, ಈಗಲೂ ಆಡುವುದಿಲ್ಲ. ಬರೆಯುತ್ತೇನೆ. ಏಳನೆಯ ಇಯತ್ತೆ ಓದಿದವಳ ಬರಹ, ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಅವರು ನನ್ನ ಗಂಡನ ಅಣ್ಣ. ಸರ್ಕಾರಿ ಗೋದಾಮಿನಲ್ಲಿ ಮೇಲ್ವಿಚಾರಕರಾಗಿದ್ದರು. ಚೀಲ ಎತ್ತಿಸಿ ತೂಗಿಸಿ ಇಳಿಸುವುದೇ ಕೆಲಸವಾಗಿದ್ದರಿಂದ ಲೋಕದಲ್ಲಿ ಇರುವುದೆಲ್ಲ ತೂಕದ ಮೇಲೆಯೇ ನಿಂತಿದೆ ಎಂದು ನಂಬಿದ್ದರು. ತೆಂಗಿನಕಾಯಿ, ಗಡಿಯಾರ, ನೀರಿನ ಕೊಡ, ಮದುವೆಯ ಉಡುಗೊರೆಯ ಪೊಟ್ಟಣ, ಎಲ್ಲವನ್ನೂ ಅಲುಗಾಡಿಸಿ ಕೈಯಲ್ಲಿ ತೂಗಿ ಬೆಲೆ ಕಟ್ಟುತ್ತಿದ್ದರು. ನಿಮ್ಮ ಅವ್ವ ಸುಜಾತಾ ಹುಟ್ಟಿದಾಗ ಬಾಣಂತಿ ಕೋಣೆಯಿಂದ ಕೂಸನ್ನು ಹೊರಗೆ ತರಿಸಿ ಎತ್ತಿ ನೋಡಿ, "ತೂಕಿಲ್ಲ, ಹೆಣ್ಣು" ಅಂದು ತಿರುಗಿ ಕೊಟ್ಟರು. ನಾನು ಒಳಗೆ ಮಲಗಿದ್ದೆ, ಕೇಳಿಸಿತು.

ಒಂದು ಮಾತು ಮಾತ್ರ ನ್ಯಾಯವಾಗಿ ಬರೆಯಬೇಕು. ಅವರು ಕಳ್ಳರಲ್ಲ. ಗೋದಾಮಿನ ಒಂದು ಕಾಳನ್ನೂ ಮನೆಗೆ ತರಲಿಲ್ಲ. ನಿಮ್ಮ ಅಜ್ಜ ದವಾಖಾನೆಯಲ್ಲಿದ್ದಾಗ ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಇಷ್ಟು ಒಳ್ಳೆಯದು ಅವರಲ್ಲಿತ್ತು. ಇದಕ್ಕಿಂತ ಹೆಚ್ಚು ಇತ್ತೆಂದು ಯಾರಾದರೂ ಹೇಳಿದರೆ ನಂಬಬೇಡಿ.

ನಮ್ಮ ಮನೆತನದಲ್ಲಿ ತಮ್ಮನ ಹೆಂಡತಿ ಭಾವನ ಎದುರಿಗೆ ನಿಲ್ಲುವಂತಿರಲಿಲ್ಲ. ಮಾತಾಡುವಂತಿರಲಿಲ್ಲ. ಹೆಸರು ಹಿಡಿಯುವ ಪ್ರಶ್ನೆಯೇ ಇಲ್ಲ. ಏನಾದರೂ ಹೇಳುವುದಿದ್ದರೆ ಮಗುವಿಗೋ ಗೋಡೆಗೋ ಹೇಳಿದಂತೆ ಮಾಡಿ ಹೇಳಬೇಕು. ಅವರೂ ಹಾಗೆಯೇ ತಮ್ಮ ಹೆಂಡತಿ, ನನ್ನ ನೆಗೆಣ್ಣಿ ಗಂಗವ್ವನಿಗೆ ಹೇಳಬೇಕು, ಗಂಗವ್ವ ನನಗೆ ಹೇಳಬೇಕು. ಅವರು ಒಳಗೆ ಬರುವಾಗ ಕೆಮ್ಮುತ್ತಿದ್ದರು, ನಾನು ಎದ್ದು ಒಳಕ್ಕೆ ಹೋಗುತ್ತಿದ್ದೆ. ನಾನೊಬ್ಬಳೇ ಇರುವ ಕೋಣೆಗೆ ಅವರೂ ಕಾಲಿಡುತ್ತಿರಲಿಲ್ಲ. ಇದನ್ನು ಅವರು ನನಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರು. ಕಟ್ಟೆಯ ಮೇಲೆ ಕೂತು, "ನಮ್ಮ ತಮ್ಮನ ಹೇಣ್ತಿ ಮಾರಿ ಹೆಂಗೈತಿ ಅಂತ ನನಗ ಗೊತ್ತಿಲ್ಲ ನೋಡ್ರಿ" ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರಂತೆ. ಊರಲ್ಲಿ ಅವರ ಮರ್ಯಾದೆಯ ಅರ್ಧಭಾಗ ನಿಂತದ್ದು ಈ ಮಾತಿನ ಮೇಲೆ. ನನಗೂ ಅದರಿಂದ ತೊಂದರೆಯಿರಲಿಲ್ಲ. ನಾನು ಹುಟ್ಟಾ ನಾಚಿಕೆಯವಳು. ಗಂಡಸರ ಎದುರು ಬಾಯಿ ತೆರೆಯದಿರಲು ನನಗೊಂದು ರಿವಾಜು ಸಿಕ್ಕಿತ್ತು, ಅಷ್ಟೇ.

ನಿಮ್ಮ ಅಜ್ಜ ತೀರಿಕೊಂಡಾಗ ಸುಜಾತಾ ಇನ್ನೂ ಸಾಲಿಗೆ ಹೋಗುತ್ತಿದ್ದಳು. ಅವರ ಜಾಗದಲ್ಲಿ ನನಗೆ ಬಬಲೇಶ್ವರದ ಒಂದು ಕಚೇರಿಯಲ್ಲಿ ಸಿಪಾಯಿ ಕೆಲಸ ಬಂತು. ನಮ್ಮ ಮನೆಯ ಹೆಣ್ಣುಮಗಳು ಸಾಹೇಬರ ಟೇಬಲ್ಲಿಗೆ ನೀರು ಇಡುವುದೆಂದರೆ ಏನು ಎಂದು ಭಾವನವರು ಕೂಗಾಡಿದರು. ನಾನು ಅರ್ಜಿ ಬರೆದು, ವಿಜಯಪುರದಲ್ಲಿ ಬಾಡಿಗೆ ಮನೆ ಹಿಡಿದು, ದಿನಾಲು ಬಸ್ಸು ಹತ್ತತೊಡಗಿದೆ. ಒಂದು ವರ್ಷ ಕಳೆಯುವುದರೊಳಗೆ ಅವರು ಊರಲ್ಲಿ, ತಮ್ಮ ಓಡಾಟದಿಂದಲೇ ನನಗೆ ನೌಕರಿ ಸಿಕ್ಕಿತು ಎಂದು ಹೇಳತೊಡಗಿದ್ದರು. ಜನ ನನ್ನನ್ನು ಕಂಡರೆ, "ಚಲೋ ಭಾವ ಸಿಕ್ಕಾನ ನಿನಗ" ಅನ್ನುತ್ತಿದ್ದರು. ನಾನು ಸೆರಗು ಸರಿಮಾಡಿಕೊಂಡು ಸುಮ್ಮನೆ ಹೋಗುತ್ತಿದ್ದೆ.

ಈಗ ಬಂದೂಕಿನ ವಿಷಯ.

ಸುಜಾತಾ ಕಾಲೇಜಿಗೆ ಸೇರಿದ ವರ್ಷ ಎನ್‌ಸಿಸಿ ಕ್ಯಾಂಪಿಗೆ ಹೋಗಿ ಗುರಿ ಹೊಡೆಯುವುದರಲ್ಲಿ ಎಲ್ಲರಿಗಿಂತ ಮುಂದೆ ಬಂದಳು. ಸ್ಟೇಷನ್ ಕಡೆಗೆ ಒಂದು ತಗಡಿನ ಶೆಡ್ಡಿನಲ್ಲಿ ಸೈನ್ಯದಿಂದ ನಿವೃತ್ತರಾದ ಹವಾಲ್ದಾರರೊಬ್ಬರು ಹುಡುಗರಿಗೆ ಗುರಿ ಕಲಿಸುತ್ತಿದ್ದರು. ಅಲ್ಲಿಗೆ ಹೋಗತೊಡಗಿದಳು. ಅಲ್ಲಿದ್ದದ್ದು ನಳಿಗೆಯನ್ನು ಮುರಿದಂತೆ ಬಾಗಿಸಿ ಸ್ಪ್ರಿಂಗು ಬಿಗಿ ಮಾಡುವ ಹಳೆಯ ಗಾಳಿ ಬಂದೂಕು. ಕುದುರೆ ಒತ್ತಿದೊಡನೆ ಒಳಗಿನ ಸ್ಪ್ರಿಂಗು ನುಗ್ಗುತ್ತದೆ, ಬಂದೂಕು ಮೈ ಒದರುತ್ತದೆ, ಛರ್ರಾ, ಅಂದರೆ ಸೀಸದ ಸಣ್ಣ ಗುಂಡು, ಹೊರಗೆ ಹೋಗುವುದರೊಳಗೆ ಗುರಿ ಕದಲುತ್ತದೆ. ಹವಾಲ್ದಾರರು ನನ್ನನ್ನು ಕರೆಸಿ, ಮಗಳ ಕೈ ಬಂದೂಕಿಗಿಂತ ಮುಂದೆ ಹೋಗಿದೆ, ಇನ್ನು ಇದರಲ್ಲಿ ಕಲಿತರೆ ಕೆಡುತ್ತಾಳೆ, ಮೊದಲೇ ಗಾಳಿ ತುಂಬಿ ಇಡುವ ಬಂದೂಕು ಬೇಕು ಅಂದರು. ಅದರ ಹೊಟ್ಟೆಯಡಿ ಒಂದು ಉದ್ದನೆಯ ಸಿಲಿಂಡರು ಇರುತ್ತದೆ. ಅದರಲ್ಲಿ ಗಾಳಿ ಅದುಮಿ ತುಂಬಿಟ್ಟರೆ ಒಂದೊಂದು ಛರ್ರಾಗೆ ಸ್ವಲ್ಪ ಸ್ವಲ್ಪ ಬಿಡುತ್ತ ಹೋಗುತ್ತದೆ. ಒದೆತವೇ ಇಲ್ಲ. ದೀಪಾವಳಿಯ ಮುಂಚೆ ರಾಜ್ಯಮಟ್ಟದ ಪಂದ್ಯಕ್ಕೆ ಆಯ್ಕೆ ಇದೆ, ಅಷ್ಟರೊಳಗೆ ಕೈಗೆ ರೂಢಿ ಆಗಬೇಕು ಅಂದರು. ನಾನು ಪಗಾರದಲ್ಲಿ ಉಳಿಸಿದ್ದು ಇತ್ತು. ಆಗಲಿ ಅಂದೆ.

ಭಾವನವರಿಗೆ ಯಾರು ಹೇಳಿದರೋ ಗೊತ್ತಿಲ್ಲ. ಸೊಲ್ಲಾಪುರದ ಅಂಗಡಿಯವನು ಶೆಡ್ಡಿಗೆ ಬಂದೂಕುಗಳನ್ನು ತಂದ ದಿನ ನಮ್ಮೂರು ಕಳ್ಳಕವಟಗಿಯಿಂದ ಮೊದಲ ಬಸ್ಸಿಗೇ ಬಂದು ಕೂತಿದ್ದರು. ನಾನು ಸೆರಗು ಹೊದ್ದು ಶೆಡ್ಡಿನ ಬಾಗಿಲ ಹೊರಗೆ ನಿಂತೆ.

ಒಂದು ಬಂದೂಕು ಹಗುರಾಗಿತ್ತು. ಗಲ್ಲ ಊರುವ ಹಲಗೆಯನ್ನು ಏರಿಸಿ ಇಳಿಸಿ ಮಾಡಬಹುದಿತ್ತು. ಇನ್ನೊಂದು ಉದ್ದ ಹಿಡಿಯ ಕಟ್ಟಿಗೆಯದು, ಭಾರ. ಹವಾಲ್ದಾರರು ಸುಜಾತಾಳಿಗೆ, ಖಾಲಿ ಬಂದೂಕು ಹಿಡಿದು ಕಣ್ಣು ಮುಚ್ಚು, ಮೈ ಸಡಿಲ ಬಿಡು, ಈಗ ಕಣ್ಣು ತೆರೆ ಅಂದರು. ಹಗುರ ಬಂದೂಕು ಕಣ್ಣು ತೆರೆದಾಗಲೂ ಗುರಿಯ ಹಾಳೆಯ ಕರಿ ಬೊಟ್ಟಿನ ಹತ್ತಿರವೇ ಇರುತ್ತಿತ್ತು. ಭಾರದ್ದು ಕೆಳಗೆ ಇಳಿದು ಪಕ್ಕಕ್ಕೆ ಹೋಗಿರುತ್ತಿತ್ತು. ಅದರ ಹಿಡಿ ಉದ್ದವಾದ್ದರಿಂದ ಅವಳು ಬೆನ್ನು ಹಿಂದಕ್ಕೆ ಬಾಗಿಸಿ ನಿಲ್ಲಬೇಕಾಗುತ್ತಿತ್ತು. ಹವಾಲ್ದಾರರು, ಬಂದೂಕು ಮೈಗೆ ಒಪ್ಪಬೇಕು, ಮೈಯನ್ನು ಬಂದೂಕಿಗೆ ಒಪ್ಪಿಸಬಾರದು ಎಂದು ಹೇಳಿದರು.

"ಕಣ್ಣ ಮುಚ್ಚಿ ಗುರಿ ನೋಡೋರನ್ನ ನಾ ಇವತ್ತ ಕಂಡೆ" ಅಂದರು ಭಾವನವರು.

ಆಮೇಲೆ ತಾವೇ ಎದ್ದು ಹಗುರ ಬಂದೂಕನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು. ಗಲ್ಲದ ಹಲಗೆಯ ತಿರುಪು ಸಡಿಲಿತ್ತು, ಟಕ್ ಟಕ್ ಅಂದಿತು. ಅವರ ಮೀಸೆಯಡಿ ನಗು ಬಂತು. ಭಾರದ್ದನ್ನು ಅಲುಗಾಡಿಸಿದರು, ಸಪ್ಪಳವಿಲ್ಲ. ಅದನ್ನೇ ಅಂಗಡಿಯವನ ಮುಂದೆ ಇಟ್ಟರು.

ಹವಾಲ್ದಾರರು ಇನ್ನೊಮ್ಮೆ ಹೇಳಿ ನೋಡಿದರು. "ಸಾಹೇಬ್ರ, ಹೊಡಿಯಾಕಿ ಆಕಿ."

"ಹೊಡಿಯಾಕಿ ಆಕಿ. ಮಾಲಕ ನಾ."

ಸುಜಾತಾಳಿಗೆ ಇನ್ನೂ ಹದಿನೆಂಟು ತುಂಬಿರಲಿಲ್ಲ. ಪಾವತಿ, ಅಂದರೆ ಅಂಗಡಿಯ ರಸೀದಿ, ದೊಡ್ಡವರ ಹೆಸರಿಗೆ ಆಗಬೇಕಿತ್ತು. ನಾನು ನನ್ನ ಗುರುತಿನ ಚೀಟಿ ತಂದು ಸೆರಗಿನಲ್ಲಿ ಹಿಡಿದುಕೊಂಡಿದ್ದೆ. ನಾನು ಅದನ್ನು ಬಿಚ್ಚುವುದರೊಳಗೆ ಅವರು ತಮ್ಮದನ್ನು ಕೊಟ್ಟಾಗಿತ್ತು. ಹಣ ಕೊಟ್ಟವಳು ನಾನು, ಪಾವತಿಯಲ್ಲಿ ಹೆಸರು ಅವರದು, ಒಪ್ಪದ ಬಂದೂಕು ಸುಜಾತಾಳದು. ಬಾಗಿಲ ಹೊರಗೆ ನಿಂತವಳು ಏನು ಹೇಳಲಿ? ಗೋಡೆಗೆ ಹೇಳಬೇಕೆಂದರೂ ಅಲ್ಲಿ ತಗಡಿತ್ತು.

ಹವಾಲ್ದಾರರು ಬಂದೂಕಿನ ಹಿಡಿಯನ್ನು ಎರಡು ಬೆರಳಿನಷ್ಟು ಕೊಯ್ಸಿ ಅವಳ ಹೆಗಲಿಗೆ ಹೊಂದಿಸಿದರು. ಭಾವನವರಿಗೆ ಅದು ಗೊತ್ತಾದಾಗ, "ಬಂದೂಕಿನ ಕುಂಡಿ ಕೊಯ್ದಾರ, ಇನ್ನ ಅದು ಕೂಡೂದೆಲ್ಲಿ" ಎಂದು ಊರ ತುಂಬ ಹೇಳಿ ನಗಿಸಿದರಂತೆ.

ಗಾಳಿ ತುಂಬುವುದು ಮಾತ್ರ ಸಣ್ಣ ಕೆಲಸವಲ್ಲ. ಸೈಕಲ್ ಪಂಪಿನಂಥದೇ ಒಂದು ಪಂಪು, ಆದರೆ ಸೊಂಟದ ತನಕ ಎತ್ತರ. ಎರಡೂ ಕಾಲಿನಿಂದ ತಳ ಒತ್ತಿ ಹಿಡಿದು ಮೈಯ ಭಾರವೆಲ್ಲ ಹಾಕಿ ಇಳಿಸಬೇಕು. ಮೊದಮೊದಲು ಸುಜಾತಾ ತಾನೇ ತುಂಬುತ್ತಿದ್ದಳು. ತುಂಬಿ ಬಂದೂಕು ಹಿಡಿದರೆ ತೋಳು ನಡುಗುತ್ತಿತ್ತು. ಕರಿ ಬೊಟ್ಟು ಒಂದು ಕಡೆ, ತೂತು ಒಂದು ಕಡೆ. ಇದನ್ನು ಎರಡು ಮೂರು ದಿನ ನೋಡಿ ನಾನು ಪಂಪು ಹಿಡಿದೆ. ಖಾರ ಕುಟ್ಟಿದ, ಜೋಳ ಬೀಸಿದ ಕೈ ನನ್ನದು. ಕಚೇರಿಯಲ್ಲಿ ಫೈಲು ಹೊತ್ತು ಹೊತ್ತು ಅದು ಮರೆತುಹೋಗುವುದರಲ್ಲಿತ್ತು.

ಮುಂಜಾನೆ ಬಬಲೇಶ್ವರದ ಬಸ್ಸಿಗೆ ಹೋಗುವ ಮೊದಲು ಶೆಡ್ಡಿಗೆ ಹೋಗುತ್ತಿದ್ದೆವು. ಬಂದೂಕಿಗೆ ಗಾಳಿ ತುಂಬುವ ಬಾಯಿಯ ಮುಚ್ಚಳ ತೆಗೆದು, ಒರೆಸಿ, ಪಂಪಿನ ಕೊಳವೆ ಸಿಕ್ಕಿಸಿ ಶುರು ಮಾಡುತ್ತಿದ್ದೆ. ಒಂದೇ ಸಮ ಹೊಡೆದರೆ ಪಂಪು ಕಾಯುತ್ತದೆ, ಒಳಗೆ ನೀರಿನ ಹನಿ ಕಟ್ಟುತ್ತದೆ, ಅದು ಬಂದೂಕಿಗೆ ಹೋದರೆ ತುಕ್ಕು. ಅದಕ್ಕೆ ನಡುನಡುವೆ ನಿಲ್ಲಬೇಕು. ಸಿಲಿಂಡರಿನ ತುದಿಯಲ್ಲಿ ಕೈಗಡಿಯಾರದಂಥದು ಇತ್ತು. ಅದರ ಮುಳ್ಳು ಹಸಿರು ಪಟ್ಟಿಗೆ ಬಂದರೆ ಸಾಕು, ಆಸೆಪಟ್ಟು ಕೆಂಪಿಗೆ ಹೋಗಬಾರದು. ಕೊಳವೆ ಬಿಚ್ಚುವ ಮೊದಲು ಅದರಲ್ಲಿ ಉಳಿದ ಗಾಳಿಯನ್ನು ತಿರುಪು ಸಡಿಲಿಸಿ ಬಿಡಬೇಕು. ಬಂದೂಕಿನ ಮೂಗು ಯಾವಾಗಲೂ ಗುರಿಯ ಹಿಂದಿನ ಉಸುಕಿನ ಚೀಲಗಳ ಕಡೆಗೇ ಇರಬೇಕು, ಖಾಲಿ ಇದ್ದರೂ ತುಂಬಿದೆ ಎಂದೇ ತಿಳಿಯಬೇಕು, ಹೊಡೆಯುವ ತನಕ ಬೆರಳು ಕುದುರೆಯ ಮೇಲೆ ಹೋಗಬಾರದು. ಎಲ್ಲಕ್ಕಿಂತ ಮೇಲೆ, ಗಾಳಿಯ ಬಾಯಿಗೆ ಎಣ್ಣೆ ತಾಗಬಾರದು. ಅದುಮಿದ ಗಾಳಿ ಕಾಯುತ್ತದೆ, ಎಣ್ಣೆ ಸಿಕ್ಕರೆ ಹೊತ್ತಿಕೊಂಡು ಪಂಪು ಕೈಯಲ್ಲೇ ಸಿಡಿಯಬಹುದು. "ಎಣ್ಣಿ ಅಂದ್ರ ಇದಕ್ಕ ಇಸಾ ಇದ್ದಂಗ ನೋಡ್ರೆವ್ವಾ" ಎಂದು ಹವಾಲ್ದಾರರು ಹೇಳಿದ್ದನ್ನು ನಾನು ಮಂತ್ರದಂತೆ ನೆನಪಿಟ್ಟಿದ್ದೆ.

ಪಂಪು ತಣಿಯಲಿ ಎಂದು ನಿಂತಾಗ ನಾವಿಬ್ಬರೂ ಮಾತಾಡುತ್ತಿದ್ದೆವು. ಮನೆಯಲ್ಲಿ ಅಡಿಗೆ, ಬಸ್ಸು, ನೀರು ಎಂದು ಹೊತ್ತು ಹೋಗುತ್ತಿತ್ತು. ಮಗಳು ಮನಸ್ಸು ಬಿಚ್ಚಿ ಮಾತಾಡಿದ್ದು ಆ ತಗಡಿನ ಕೆಳಗೆ. ಆಮೇಲೆ ಅವಳು ನಿಂತು, ಉಸಿರು ಅರ್ಧ ಬಿಟ್ಟು, ಒತ್ತುತ್ತಿದ್ದಳು. ದೊಡ್ಡ ಸಪ್ಪಳವೇನಿಲ್ಲ. ನಾಲಿಗೆ ಲೊಚಗುಟ್ಟಿದಷ್ಟೇ. ಬೊಟ್ಟಿನ ನಡುವೆ ತೂತು ಬಿದ್ದಾಗ ಅದು ನಾನು ತುಂಬಿದ ಗಾಳಿ ಎಂದು ಒಳಗೇ ಅಂದುಕೊಳ್ಳುತ್ತಿದ್ದೆ.

ಮಹಾನವಮಿ ಬಂತು. ಖಂಡೇಪೂಜೆಗೆ ಮನೆತನದ ಆಯುಧವೆಲ್ಲ ಕಳ್ಳಕವಟಗಿಯ ದೊಡ್ಡ ಮನೆಗೆ ಬರಬೇಕು, ಬಂದೂಕೂ ಬರಬೇಕು ಎಂದು ಭಾವನವರ ಹೇಳಿಕೆ ಬಂತು. ಸುಜಾತಾಳಿಗೆ ಇಷ್ಟವಿರಲಿಲ್ಲ. ಪಾವತಿ ಅವರ ಹೆಸರಲ್ಲಿತ್ತಲ್ಲ, ಒಯ್ಯದೆ ಗತಿಯಿರಲಿಲ್ಲ. ಇಬ್ಬರೂ ಪಂಪಿನ ಸಮೇತ ಹೋದೆವು.

ಪಡಸಾಲೆಯಲ್ಲಿ ಕಂಬಳಿ ಹಾಸಿ ಕುಡ, ಕುಡಗೋಲು, ಕೊಡಲಿ, ಟ್ರ್ಯಾಕ್ಟರಿನ ಕೀಲಿ, ದ್ರಾಕ್ಷಿಗೆ ಔಷಧ ಹೊಡೆಯುವ ಪಂಪು, ಎಲ್ಲ ಸಾಲಾಗಿ ಇಟ್ಟಿದ್ದರು. ನಡುವೆ ಬಂದೂಕು. ಭಾವನವರು ಮಡಿಯುಟ್ಟು, ಬಟ್ಟಲಲ್ಲಿ ಕುಸುಬಿ ಎಣ್ಣೆ ಹಿಡಿದು, ಒಂದೊಂದಕ್ಕೂ ಸವರುತ್ತ ಬಂದರು. ಬಂದೂಕಿನ ಹತ್ತಿರ ಬಂದಾಗ ಸುಜಾತಾ ಬಗ್ಗಿ ಅಡ್ಡ ಕೈ ಹಿಡಿದಳು.

"ದೊಡ್ಡಪ್ಪಾ, ಇದಕ್ಕ ಎಣ್ಣಿ ಬ್ಯಾಡ್ರಿ. ಗಾಳಿ ತುಂಬು ಬಾಯಾಗ ಹೋಗತೈತಿ."

"ಎಣ್ಣಿ ಕುಡಿಲಾರದ ಕಬ್ಬಣ ಇನ್ನೂ ಹುಟ್ಟಿಲ್ಲ. ಸರಿ ಆಚೆ."

ನಳಿಗೆಗೂ ಸಿಲಿಂಡರಿಗೂ ಎಣ್ಣೆ ಸವರಿದರು. ವಿಭೂತಿ ನೆನೆಸಿ ಮೂರು ಬೆರಳಿನಿಂದ ಎಳೆದರು. ಕುಂಕುಮ ಉದುರಿಸಿದರು. ಮುಚ್ಚಳ ಎಲ್ಲಿ ಬಿದ್ದಿತ್ತೋ, ಗಾಳಿಯ ಬಾಯಿ ತೆರೆದೇ ಇತ್ತು. ಎಣ್ಣೆಯ ಜೊತೆ ವಿಭೂತಿ ಕೆಸರಾಗಿ ಅದರೊಳಗೆ ಇಳಿಯುವುದನ್ನು ನಾನು ಅಡಿಗೆಮನೆಯ ಬಾಗಿಲಿನಿಂದ ನೋಡಿದೆ.

ಮಂಗಳಾರತಿ ಆಯಿತು. ನೆರೆದವರಿಗೆ ಬಂದೂಕಿನ ಆಟ ತೋರಿಸಬೇಕೆಂದು ಭಾವನವರಿಗೆ ಉಮೇದು ಬಂತು. ಹಿತ್ತಲ ಗೋಡೆಯ ಮೇಲೆ ತೆಂಗಿನ ಕರಟ ಇಡಿಸಿದರು. ಮುಳ್ಳು ಹಸಿರಿನಿಂದ ಕೆಳಗಿತ್ತು. ಗಂಗವ್ವನ ಕಡೆ ತಿರುಗಿ, ಗಾಳಿ ಹೊಡೆಯಲು ಅವಳಿಗೆ ಹೇಳು ಅಂದರು. ಗಂಗವ್ವ ನನ್ನ ಕಡೆ ನೋಡಿದಳು.

ನಾನು ಹೊಡೆದರೆ ಪಂಪು ಸಿಡಿಯಬಹುದು. ಹೊಡೆಯಲಾರೆ ಎಂದು ಗಂಗವ್ವನ ಕೈಯಲ್ಲಿ ಹೇಳಿಸಿದರೆ ಅವರು ಸುಜಾತಾಳಿಗೆ ಹೊಡೆ ಅನ್ನುತ್ತಾರೆ, ಅವಳು ದೊಡ್ಡಪ್ಪನ ಮಾತು ಮೀರಲಾರಳು. ಯಾರ ಬಾಯಿಂದ ಹೇಳಿಸಲಿ ಎಂದು ಯೋಚಿಸುವುದರೊಳಗೆ ನನ್ನ ಬಾಯಿಯೇ ತೆರೆದಿತ್ತು.

"ನಾ ಹೊಡ್ಯೂದಿಲ್ರಿ, ನನ್ನ ಮಗಳೂ ಹೊಡ್ಯೂದಿಲ್ಲ. ಎಣ್ಣಿ ಹೋಗೇತಿ, ಬೆಂಕಿ ಹತ್ತತೈತಿ."

ಅದು ನಾನು ಅವರಿಗೆ ಆಡಿದ ಮೊದಲ ಮಾತು. ಭಾವನವರು ನನ್ನ ಕಡೆ ತಿರುಗದೆ, ಗೋಡೆಯನ್ನು ನೋಡುತ್ತ, ಯಾರು ಮಾತಾಡಿದ್ದು ಎಂದು ಗಂಗವ್ವನನ್ನು ಕೇಳಿದರು. ಆಮೇಲೆ ತಾವೇ ಧೋತರ ಮೇಲೆ ಕಟ್ಟಿ ಪಂಪು ಹೊಡೆದರು. ಎಲ್ಲರನ್ನೂ ದೂರ ಸರಿಸಿ ಸುಜಾತಾ ಗೋಡೆಗೆ ಆತು ನಿಂತಳು. ದೇವರು ದೊಡ್ಡವನು, ಬೆಂಕಿ ಹತ್ತಲಿಲ್ಲ. ಆದರೆ ವಿಭೂತಿಯ ಹರಳು ಒಳಗಿನ ರಬ್ಬರಿನ ಬಳೆಯನ್ನು ಕೊಯ್ದಿತ್ತು. ಬುಸ್ ಎಂದು ಗಾಳಿ ಹೊರಗೆ ನುಗ್ಗಿ ಅವರ ಬಿಳಿ ಅಂಗಿಯ ಮೇಲೆಲ್ಲ ಎಣ್ಣೆ ಸಿಡಿಯಿತು. ಮುಳ್ಳು ಮಲಗಿತು.

ಅವರು ಅಂಗಿ ಒರೆಸಿಕೊಳ್ಳುತ್ತ ಅಂದರು:

"ಆಕಿ ಬಾಯಿ ತಗದ್ಲು, ಬಂದೂಕಿನ ಗಾಳಿ ಹೋತು."

ಎಲ್ಲರೂ ನಕ್ಕರು. ನಗುವುದಕ್ಕೆ ಕಾಯುತ್ತಿದ್ದವರಂತೆ ನಕ್ಕರು. ಊಟದ ಹೊತ್ತಿಗೆ ಆ ನಗೆ ಬೇರೆ ರೂಪ ತಾಳಿತು. ಗಂಡನಿಲ್ಲದವಳ ಕೈಯಿಂದ ದಿನಾ ಗಾಳಿ ತುಂಬಿಸಿದರೆ ಆಯುಧ ಉಳಿಯುತ್ತದೆಯೇ ಎಂದು ಅವರು ಪಂಕ್ತಿಯಲ್ಲಿ ಕೂತು ಕೇಳಿದರು. ಹೌದೌದು ಎಂದು ನಾಲ್ಕು ಜನ ತಲೆಯಾಡಿಸಿದರು. ನಾವು ಹೊರಡುವಾಗ ಬಂದೂಕು ಪಡಸಾಲೆಯ ಗೂಟದ ಮೇಲೆ ನೇತಾಡುತ್ತಿತ್ತು. ಸುಜಾತಾ ಕೇಳಿದ್ದಕ್ಕೆ, ಪಾವತಿ ತಮ್ಮ ಹೆಸರಲ್ಲಿದೆ, ಇನ್ನು ಅದು ಇಲ್ಲೇ ಇರುತ್ತದೆ ಅಂದರು.

ಬಸ್ಸಿನಲ್ಲಿ ಸುಜಾತಾ ಅಳಲಿಲ್ಲ. ಮರುದಿನ ನಾನು ಕಚೇರಿಯಿಂದ ಬಂದಾಗ ಒನಕೆಯನ್ನು ಹೆಗಲಿಗೆ ಆನಿಸಿ, ಕ್ಯಾಲೆಂಡರಿನ ಒಂದು ಅಂಕಿಗೆ ಗುರಿ ಹಿಡಿದು ನಿಂತಿದ್ದಳು. ನನ್ನನ್ನು ಕಂಡು ಇಳಿಸಿದಳು. ಆಯ್ಕೆಗೆ ಹೆಚ್ಚು ದಿನ ಉಳಿದಿರಲಿಲ್ಲ. ಬಂದೂಕು ಬೇಗ ಸಿಕ್ಕರೆ ರಬ್ಬರಿನ ಬಳೆ ತರಿಸಿ ಹಾಕಬಹುದು, ಸಿಗದಿದ್ದರೆ ಹಳೆಯ ಸ್ಪ್ರಿಂಗಿನದೇ ಗತಿ, ಅದರಲ್ಲಿ ಆಯ್ಕೆಯಾಗುವ ಮಾತೇ ಇಲ್ಲ ಎಂದು ಹವಾಲ್ದಾರರು ಹೇಳಿ ಕಳಿಸಿದ್ದರು.

ನಾನು ಒಂದು ದಿನ ರಜೆ ಹಾಕಿ ಅಥಣಿ ಬಸ್ಸು ಹತ್ತಿದೆ. ತಿಕೋಟಾದಲ್ಲಿ ಇಳಿದು ಟಂಟಂ ಆಟೋ ಹಿಡಿದು ಊರಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಮನಸ್ಸಿನಲ್ಲೇ ಹೇಳಿಕೊಂಡೆ. ಹೆಂಗಸರು ಬರುವ ಹಿತ್ತಲ ಬಾಗಿಲಿಗೆ ಹೋಗಲಿಲ್ಲ. ಮುಂಬಾಗಿಲಿನಿಂದ ಪಡಸಾಲೆಗೆ ಕಾಲಿಟ್ಟೆ. ಭಾವನವರು ತಮ್ಮ ಗೆಳೆಯರ ನಡುವೆ ಕೂತು ಮಣೂಕದ ದರ ಮಾತಾಡುತ್ತಿದ್ದರು. ಮಣೂಕ ಅಂದರೆ ನೀವು ಅನ್ನುವ ಒಣದ್ರಾಕ್ಷಿ.

"ಭಾವ್ನೋರ, ಬಂದೂಕ ಒಯ್ಯಾಕ ಬಂದೇನ್ರಿ."

ಗೆಳೆಯರ ಮಾತು ನಿಂತಿತು. ಭಾವನವರದು ನಿಲ್ಲಲಿಲ್ಲ. ದರದ ಮಾತು ಮುಗಿಸಿ, ಎದುರಿನವನಿಗೆ ಹೇಳಿದರು:

"ಗ್ವಾಡಿ ಮಾತಾಡಾಕತ್ತೈತಿ. ಕೊಡೂದಿಲ್ಲಂತ ಗ್ವಾಡಿಗೆ ಹೇಳು."

ಅವನು ಗೋಡೆಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ನಿಂತರೆ ಬೀಳುತ್ತೇನೆ ಅನಿಸಿ ಅಲ್ಲೇ ಜಮಖಾನೆಯ ಮೇಲೆ ಕೂತುಬಿಟ್ಟೆ. ಉಪಾಯವೇನೂ ಇರಲಿಲ್ಲ, ಮಕ್ಕಳೇ. ಕೂತ ಮೇಲೆಯೇ ನನಗೆ ತಿಳಿದದ್ದು, ಏನಾಯಿತು ಎಂದು. ಆ ಮನೆಯಲ್ಲಿ ಅವರ ಎದುರು ತಮ್ಮನ ಹೆಂಡತಿ ಕೂತದ್ದು ಅದೇ ಮೊದಲು. ಗೆಳೆಯರ ಕಣ್ಣು ನೆಲಕ್ಕೆ ಇಳಿದವು. ಒಬ್ಬನಿಗೆ ತೋಟಕ್ಕೆ ನೀರು ಬಿಡುವುದು ನೆನಪಾಯಿತು. ಇನ್ನೊಬ್ಬ ಏನೂ ಹೇಳದೆ ಚಪ್ಪಲಿ ಹುಡುಕಿದ. ಸ್ವಲ್ಪ ಹೊತ್ತಿನಲ್ಲಿ ಪಡಸಾಲೆಯಲ್ಲಿ ಉಳಿದವರು ನಾವಿಬ್ಬರೇ. ಬಾಗಿಲು ತೆರೆದಿತ್ತು, ಓಣಿಯಲ್ಲಿ ಜನ ಓಡಾಡುತ್ತಿದ್ದರು.

ಭಾವನವರಿಗೆ ಅದು ತಟ್ಟಿತು. ಒಳಕ್ಕೆ ಕೂಗಿದರು.

"ಗಂಗವ್ವಾ, ಹೊರಗ ಬಾ ಇಲ್ಲಿ."

"ರೊಟ್ಟಿ ಹಂಚಿನ ಮ್ಯಾಲೈತ್ರಿ."

"ಇಳಿಸಿ ಬಾ."

"ಇನ್ನೊಂದ ಬಡ್ಯಾಕತ್ತೇನ್ರಿ."

ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಗಂಗವ್ವ ಬಂದು ನಿಂತಿದ್ದರೆ ಮೂರನೆಯವರು ಇದ್ದಂತಾಗುತ್ತಿತ್ತು, ಅವರ ಮರ್ಯಾದೆ ಉಳಿಯುತ್ತಿತ್ತು. ಬರಲಿಲ್ಲ. ರೊಟ್ಟಿಯ ಸಪ್ಪಳ ಮಾತ್ರ ಇನ್ನೂ ಜೋರಾಯಿತು. ತಮ್ಮ ಹೆಂಡತಿ ತಮ್ಮ ಮಾತು ಕೇಳದೆ ಹಿಟ್ಟು ಬಡಿಯುತ್ತಿದ್ದಾಳೆ ಎಂಬುದನ್ನು ಅವರು ಅವತ್ತು ಮೊದಲ ಸಲ ಕಂಡರೆಂದು ತೋರುತ್ತದೆ.

ಕೊನೆಗೆ ಕೆಮ್ಮಿದರು. ಅದೇ ಕೆಮ್ಮು. ಆ ಕೆಮ್ಮಿಗೆ ನಾನು ಕೈಯಲ್ಲಿದ್ದ ಊಟದ ತುತ್ತು ಬಿಟ್ಟು ಎದ್ದವಳು. ಅವತ್ತು ಕೆಮ್ಮು ಬಂದು ಹೋಯಿತು, ನಾನು ಕೂತೇ ಇದ್ದೆ. ಎರಡನೆಯ ಸಲ ಕೆಮ್ಮಲಿಲ್ಲ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದರು. ಮುಂಬಾಗಿಲಿಗೆ ಹೋಗಬೇಕಾದರೆ ನನ್ನನ್ನು ದಾಟಬೇಕು. ಹಾಗಾಗಿ ದನದ ಕೊಟ್ಟಿಗೆ ಹಾದು, ಹಿತ್ತಲ ಬಾಗಿಲಿನಿಂದ ಹೊರಗೆ ಹೋದರು.

ನಾನು ಎದ್ದು ಗೂಟದಿಂದ ಬಂದೂಕು ಇಳಿಸಿಕೊಂಡೆ. ಪಂಪು ಮೂಲೆಯಲ್ಲಿತ್ತು. ಗಂಗವ್ವ ಕೈಗೆ ಹತ್ತಿದ ಹಿಟ್ಟು ಒರೆಸುತ್ತ ಬಂದಳು. ಒಳಗಿನಿಂದ ಒಂದು ಕೌದಿ ತಂದು ಎರಡನ್ನೂ ಸುತ್ತಿಕೊಟ್ಟಳು. "ಬಸ್ಸಿನ್ಯಾಗ ಯಾರರ ಕೇಳಿದ್ರ ಹಾಸಿಗಿ ಅನ್ನು" ಅಂದಳು, ಅಷ್ಟೇ. ಕಂಡಕ್ಟರ್ ಕೇಳಿದ, ನಾನು ಹಾಗೆಯೇ ಹೇಳಿದೆ. ಇಷ್ಟು ಭಾರದ ಹಾಸಿಗೆಯ ಮೇಲೆ ಯಾರು ಮಲಗುತ್ತಾರೆ ಎಂದು ಅವನು ತಮಾಷೆ ಮಾಡಿದ.

ರಬ್ಬರಿನ ಬಳೆ ಬಂತು. ಹವಾಲ್ದಾರರು ಬಂದೂಕನ್ನೂ ಪಂಪನ್ನೂ ಬಿಚ್ಚಿ ಎಣ್ಣೆ ವಿಭೂತಿ ಎಲ್ಲ ತೊಳೆದು ಕೂಡಿಸಿದರು. ಆಯ್ಕೆಯ ಮುಂಜಾನೆ ಗಾಳಿ ತುಂಬಿದವಳು ನಾನೇ. ಗಂಡನಿಲ್ಲದವಳ ಗಾಳಿ ಕೊನೆಯ ಛರ್ರಾದ ತನಕ ನಿಂತಿತು. ಆಯ್ಕೆಯಾದವರ ಪಟ್ಟಿಯಲ್ಲಿ ಸುಜಾತಾಳ ಹೆಸರು ಎಲ್ಲರಿಗಿಂತ ಕೆಳಗೆ, ಆದರೆ ಪಟ್ಟಿಯೊಳಗೆ ಇತ್ತು. ರಾಜ್ಯಮಟ್ಟಕ್ಕೆ ಹೋಗಿ ಬಂದಳು. ಅಲ್ಲಿ ಗೆಲ್ಲಲಿಲ್ಲ. ಹೋಗಿ ಬಂದಳು.

ಭಾವನವರು ಆಮೇಲೆ ನಮ್ಮ ಮನೆಗೆ ಬರಲಿಲ್ಲ. ನಾನು ಲಜ್ಜೆಗೆಟ್ಟವಳೆಂದು ಊರಲ್ಲಿ ಹೇಳಿದರು. ಆದರೆ ಅವತ್ತು ಪಡಸಾಲೆಯಲ್ಲಿ ಏನಾಯಿತೆಂದು ಹೇಳಲಿಲ್ಲ. ಹೇಳಿದರೆ ತಾವು ಹಿತ್ತಲಿನಿಂದ ಹೋದದ್ದನ್ನೂ ಹೇಳಬೇಕಾಗುತ್ತಿತ್ತು. ಅವರು ಬದುಕಿದ್ದಾಗ ನಾನು ಕೊನೆಯ ಸಲ ನೋಡಿದ್ದು ಅವರ ಬೆನ್ನನ್ನು. ಕೆಲವು ವರ್ಷಗಳ ಮೇಲೆ ಲಕ್ವಾ ಹೊಡೆದು ಮಲಗಿದರು. ನೋಡಲು ಹೋಗಲಿಲ್ಲ. ಹೋಗಬೇಕಿತ್ತು ಎಂದು ನನಗೆ ಇವತ್ತಿಗೂ ಅನಿಸಿಲ್ಲ.

ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ಹೋದೆ, ಗಂಗವ್ವನ ಸಲುವಾಗಿ. ಅವಳ ಪಕ್ಕ ಕೂತೆ. ಬಹಳ ಜನ ಸೇರಿದ್ದರು. ಹಿರಿಯರೊಬ್ಬರು ಎದ್ದು ನಿಂತು ನಾಲ್ಕು ಮಾತಾಡಿದರು. ಧರ್ಮ ಬಿಡದ ಮನುಷ್ಯ ಅಂದರು. ತಮ್ಮನ ಹೆಂಡತಿಗೆ ನೌಕರಿ ಹಚ್ಚಿದ ಅಂದರು. ಆಮೇಲೆ, "ತಂದಿ ಇಲ್ಲದ ಮಗಳಿಗೆ ತಾನ ನಿಂತು ಆರಿಸಿ ಬಂದೂಕ ಕೊಡಿಸಿ, ರಾಜ್ಯಕ್ಕ ಕಳಿಸಿದ ಪುಣ್ಯಾತ್ಮ" ಅಂದರು. ಹೆಣ್ಣುಮಕ್ಕಳು ಸೆರಗು ಕಣ್ಣಿಗೆ ಒತ್ತಿಕೊಂಡರು. ಗಂಗವ್ವ ನನ್ನ ಕೈ ಹಿಡಿದಿದ್ದಳು. ಆ ಮಾತು ಬಂದಾಗ ಗಟ್ಟಿಯಾಗಿ ಹಿಚುಕಿದಳು. ನಾನು ಎದ್ದು ಅಲ್ಲ ಅನ್ನಲಿಲ್ಲ. ಅಷ್ಟು ಜನರ ಎದುರು ಮಾತಾಡುವ ಶಕ್ತಿ ನನಗೆ ದೇವರು ಕೊಟ್ಟಿಲ್ಲ.

ಮನೆಗೆ ಬಂದು ಈ ಹಾಳೆಗಳನ್ನು ತೆಗೆದುಕೊಂಡು ಕೂತೆ. ನಿಮ್ಮ ಅವ್ವ ಓದಿದರೆ, ಹೋದವರ ಬಗ್ಗೆ ಯಾಕವ್ವಾ ಎಂದು ಹರಿದುಹಾಕಬಹುದು, ಅವಳ ಮನಸ್ಸು ಅಷ್ಟು ಮೆತ್ತಗೆ. ಅದಕ್ಕೇ ನಿಮ್ಮ ಕೈಗೆ ಕೊಡುತ್ತಿದ್ದೇನೆ. ನೀರು ತಾಗದಂತೆ, ಇಲಿ ಮುಟ್ಟದಂತೆ ಇಟ್ಟುಕೊಳ್ಳಿರಿ. ಭಾವನವರನ್ನು ಹೊಗಳುವವರು ಊರ ತುಂಬ ಇದ್ದಾರೆ. ಅವರ ಮಾತು ಉಳಿಯಲಿಕ್ಕೆ ಹಾಳೆ ಬೇಕಾಗುವುದಿಲ್ಲ.